ಹಳೇ ಇಂಗ್ಲಿಷ್ ಕವಿತೆ ಓದೋಕೆ ಪದಗಳ ಪಟ್ಟಿ ಬೇಕಾ?

ಪ್ರಶ್ನೆ: ನಾನು ಎಂ.ಎ. ಇಂಗ್ಲಿಷ್ ಮೊದಲನೇ ವರ್ಷ, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಶೇಕ್ಸ್‌ಪಿಯರ್, ಗ್ರೇ, ಕೀಟ್ಸ್ ಓದುವಾಗ ದೌ, ವೇರ್‌ಫೋರ್, ವಿದರ್, ಅನಾನ್, ಡಾರ್ಕ್ಲಿಂಗ್ ಇಂಥ ಪದಗಳು ಬಂದು ಪ್ರತಿ ಸಾಲಿಗೂ ಡಿಕ್ಷನರಿ ತೆಗೀಬೇಕಾಗತ್ತೆ. ಒಂದು ಲಿಸ್ಟ್ ಕೊಟ್ರೆ ಬಾಯಿಪಾಠ ಮಾಡ್ಕೋತೀನಿ. ಆಮೇಲೆ ಕೀಟ್ಸ್ ಕಾಲಕ್ಕೇ ಹಳೇದಾಗಿದ್ದ ಪದಗಳನ್ನ ಆ ಕವಿಗಳು ಯಾಕೆ ಬಳಸ್ತಿದ್ರು? ನಾವು ಬರೆಯುವಾಗ ಬಳಸಬಹುದಾ? ಅಂಗಡಿ ಬೋರ್ಡ್‌ಗಳಲ್ಲಿ 'ಯೀ ಓಲ್ಡ್' ಅಂತ ಇರತ್ತಲ್ಲ, ಅದು ಯಾವ ಕಾಲದ ಇಂಗ್ಲಿಷ್?

ಉತ್ತರ: ಲಿಸ್ಟ್ ಕೊಡೋದು ಕಷ್ಟದ ಕೆಲಸ ಅಲ್ಲ, ಆದ್ರೂ ಕೊಡಲ್ಲ. ಲಿಸ್ಟ್‌ನಲ್ಲಿ ಬರೋದೆಲ್ಲ ನೋಡಿದ ತಕ್ಷಣ ವಿಚಿತ್ರ ಅನ್ನಿಸೋ ಪದಗಳು, ಅವು ಬಂದಾಗ ನೀವು ಹೇಗೂ ನಿಲ್ತೀರಿ, ಅರ್ಥ ಹುಡುಕ್ತೀರಿ, ಮುಂದೆ ಹೋಗ್ತೀರಿ. ನಿಮ್ಮನ್ನ ದಾರಿ ತಪ್ಪಿಸೋದು ಬೇರೆ ಪದಗಳು, ಗೊತ್ತಿರೋ ಮುಖ ಹಾಕ್ಕೊಂಡು ಬರೋವು, ಅಲ್ಲಿ ನೀವು ನಿಲ್ಲೋದೇ ಇಲ್ಲ. ಇನ್ನೊಂದು ವಿಷಯ, ಈ ಹಳೇ ಪದಗಳಲ್ಲಿ ಎಷ್ಟೋ ಇವತ್ತಿನ ಇಂಗ್ಲಿಷ್ ಕಳ್ಕೊಂಡಿರೋ ವ್ಯತ್ಯಾಸಗಳನ್ನ ಹೇಳ್ತವೆ, ಆ ವ್ಯತ್ಯಾಸಗಳು ನಮ್ಮ ಕನ್ನಡದಲ್ಲಿ ಇವತ್ತಿಗೂ ದಿನಾ ಬಳಕೆಯಲ್ಲಿವೆ. ಹಾಗಾಗಿ ಕನ್ನಡ ಮೀಡಿಯಂ ಅಂತ ಹಿಂಜರೀಬೇಡಿ, ಈ ಒಂದು ವಿಷಯದಲ್ಲಿ ಇಂಗ್ಲೆಂಡಿನ ಹುಡುಗರಿಗಿಂತ ನೀವೇ ಮುಂದಿದ್ದೀರಿ.

ಮೊದಲು ಒಂದು ಹೆಸರು ಸರಿ ಮಾಡ್ಕೊಳ್ಳಿ, ಪರೀಕ್ಷೆಯಲ್ಲಿ ಇದಕ್ಕೆ ಮಾರ್ಕ್ಸ್ ಹೋಗತ್ತೆ. ಶೇಕ್ಸ್‌ಪಿಯರ್ ಇಂಗ್ಲಿಷ್‌ಗೆ 'ಓಲ್ಡ್ ಇಂಗ್ಲಿಷ್' ಅನ್ನಲ್ಲ. ಓಲ್ಡ್ ಇಂಗ್ಲಿಷ್ ಅಂದ್ರೆ ಸುಮಾರು 1100ಕ್ಕಿಂತ ಹಿಂದಿನದು, ಬಿಯೋವುಲ್ಫ್ ಕಾವ್ಯದ ಭಾಷೆ, ಅದನ್ನ ಇಂಗ್ಲಿಷಿನವರೂ ಬೇರೆ ಭಾಷೆ ಕಲಿತ ಹಾಗೇ ಕಲೀಬೇಕು. 14ನೇ ಶತಮಾನದ ಕವಿ ಚಾಸರ್‌ದು ಮಿಡ್ಲ್ ಇಂಗ್ಲಿಷ್, ಶೇಕ್ಸ್‌ಪಿಯರ್ ಮತ್ತು 1611ರ ಕಿಂಗ್ ಜೇಮ್ಸ್ ಬೈಬಲ್‌ದು ಅರ್ಲಿ ಮಾಡರ್ನ್ ಇಂಗ್ಲಿಷ್.

ಈಗ 'ದೌ'. ಬಹಳ ಜನ ವಿದ್ಯಾರ್ಥಿಗಳು ಇದನ್ನ ಗೌರವದ ಪದ ಅಂದ್ಕೊಂಡಿರ್ತಾರೆ, ಯಾಕಂದ್ರೆ ಅವರು ಅದನ್ನ ಕೇಳಿರೋದು ಪ್ರಾರ್ಥನೆಯಲ್ಲಿ, ದೇವರನ್ನ ಕರೆಯುವಾಗ. ನಿಜ ಪೂರ್ತಿ ಉಲ್ಟಾ. ದೌ ಅಂದ್ರೆ ನಮ್ಮ 'ನೀನು', ಯೂ ಅಂದ್ರೆ 'ನೀವು'. ದೇವರಿಗೆ ದೌ ಅಂದಿದ್ದು ನಾವು ವಚನದಲ್ಲಿ, ದಾಸರ ಪದದಲ್ಲಿ ದೇವರನ್ನ 'ನೀನು' ಅಂತ ಕರೆದ ಹಾಗೆ, ಅದು ಹತ್ತಿರದವರನ್ನ ಕರೆಯೋ ರೀತಿ. ನೀನು, ನಿನ್ನನ್ನ, ನಿನ್ನ ಅನ್ನೋದಕ್ಕೆ ದೌ, ದೀ, ದೈ ಅಂತ ಇಟ್ಕೊಂಡ್ರೆ ವ್ಯಾಕರಣ ಮುಗೀತು, ಸ್ವರದಿಂದ ಶುರುವಾಗೋ ಪದದ ಮುಂದೆ ದೈ ಅನ್ನೋದು ದೈನ್ ಆಗತ್ತೆ ಅಷ್ಟೆ.

ಆದ್ರೆ ವ್ಯಾಕರಣಕ್ಕಿಂತ ಮುಖ್ಯವಾದದ್ದು ಅದರ ಪೆಟ್ಟು. 1603ರಲ್ಲಿ ಸರ್ ವಾಲ್ಟರ್ ರಾಲೀ ಮೇಲೆ ರಾಜದ್ರೋಹದ ಕೇಸ್ ನಡೆದಾಗ ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್ ತುಂಬಿದ ಕೋರ್ಟಲ್ಲಿ ಅವನಿಗೆ "ಐ ದೌ ದೀ, ದೌ ಟ್ರೇಟರ್" ಅಂದ, ಅಂದ್ರೆ 'ನಿನಗೆ ನೀನು ಅಂತಲೇ ಅಂತೀನಿ ಕಣೋ ದ್ರೋಹಿ'. ಏಕವಚನದಲ್ಲಿ ಮಾತಾಡೋದೇ ಒಂದು ಬೈಗುಳ ಅಂತ ಕನ್ನಡದವರಿಗೆ ಯಾರೂ ವಿವರಿಸಬೇಕಾಗಿಲ್ಲ, 'ಏಕವಚನದಲ್ಲಿ ನಿಂದಿಸಿದರು' ಅನ್ನೋ ಮಾತು ನಮ್ಮಲ್ಲಿ ಪೊಲೀಸ್ ದೂರಲ್ಲೂ ಬರತ್ತೆ. ಶೇಕ್ಸ್‌ಪಿಯರ್‌ನ ಟ್ವೆಲ್ಫ್ತ್ ನೈಟ್‌ನಲ್ಲೂ ಸರ್ ಟೋಬಿ ತನ್ನ ಗೆಳೆಯನಿಗೆ ಜಗಳದ ಪತ್ರ ಬರೆಯೋದು ಹೇಗೆ ಅಂತ ಹೇಳಿಕೊಡುವಾಗ ಮೂರು ಸಲ ದೌ ಅಂತ ಹಾಕು, ತಪ್ಪೇನಿಲ್ಲ ಅಂತಾನೆ. ಕಿಂಗ್ ಲಿಯರ್ ಮೊದಲ ದೃಶ್ಯದಲ್ಲಿ ರಾಜ ಸಿಟ್ಟಲ್ಲಿ ಕಿರೀ ಮಗಳನ್ನ ದೂರ ಮಾಡ್ತಿರುವಾಗ ಅವನ ನಿಷ್ಠಾವಂತ ಕೆಂಟ್ ಎದ್ದು "ವಾಟ್ ವುಡ್ಸ್ಟ್ ದೌ ಡೂ, ಓಲ್ಡ್ ಮ್ಯಾನ್" ಅಂತಾನೆ. ತುಂಬಿದ ಸಭೆ, ಸಿಂಹಾಸನದ ಮೇಲೆ ರಾಜ, ಅವನಿಗೆ 'ನೀನೇನು ಮಾಡ್ತಿದ್ದೀಯೋ ಮುದುಕಾ' ಅಂದ ಹಾಗೆ. ಇವತ್ತಿನ ಇಂಗ್ಲಿಷ್ ಓದುಗನಿಗೆ ಕೆಳಗಡೆ ನೋಟ್ ಬೇಕು, ನಿಮಗೆ ಮೈ ಝುಂ ಅನ್ನಬೇಕು.

ಇನ್ನೂ ಸೂಕ್ಷ್ಮವಾದದ್ದು ಹ್ಯಾಮ್ಲೆಟ್ ನಾಟಕದ ಮೂರನೇ ಅಂಕದಲ್ಲಿದೆ, ಅಮ್ಮನ ಕೋಣೆಯ ದೃಶ್ಯ. ಅಲ್ಲಿ ಮೂರು ಸಾಲನ್ನ ನಿಧಾನವಾಗಿ ಓದಿ. ಅಮ್ಮ ಗರ್ಟ್ರೂಡ್ ಶುರು ಮಾಡೋದು "ಹ್ಯಾಮ್ಲೆಟ್, ದೌ ಹ್ಯಾಸ್ಟ್ ದೈ ಫಾದರ್ ಮಚ್ ಅಫೆಂಡೆಡ್" ಅಂತ, ನಿಮ್ಮಪ್ಪನ ಮನಸ್ಸು ನೋಯಿಸಿದ್ದೀಯ ಕಣೋ ಅನ್ನೋ ಧಾಟಿ, ಇಲ್ಲಿ ಅಪ್ಪ ಅಂದ್ರೆ ಅವಳ ಎರಡನೇ ಗಂಡ. ಮಗ ತಿರುಗಿ "ಮದರ್, ಯೂ ಹ್ಯಾವ್ ಮೈ ಫಾದರ್ ಮಚ್ ಅಫೆಂಡೆಡ್" ಅಂತಾನೆ, ಇವನ ಅಪ್ಪ ಸತ್ತುಹೋದ ರಾಜ. ಆಗಿನ ಕಾಲದಲ್ಲಿ ಮಕ್ಕಳು ತಾಯಿತಂದೆಗೆ ಯೂ ಅನ್ನೋದೇ ವಾಡಿಕೆ, ಹಾಗಾಗಿ ಮಗನ ಬಹುವಚನದಲ್ಲಿ ವಿಶೇಷ ಇಲ್ಲ, ಅಲ್ಲಿ ಪೆಟ್ಟಿರೋದು 'ಮೈ ಫಾದರ್' ಅನ್ನೋದರಲ್ಲಿ. ನೋಡಬೇಕಾದ್ದು ಮೂರನೇ ಸಾಲು. "ಕಮ್, ಕಮ್, ಯೂ ಆನ್ಸರ್ ವಿತ್ ಆನ್ ಐಡ್ಲ್ ಟಂಗ್" ಅಂತಾಳೆ ತಾಯಿ. ಒಂದೇ ಉಸಿರಿನ ಹಿಂದೆ ದೌ ಅಂದವಳು ಈಗ ಯೂ ಅಂತಾಳೆ! ಮುದ್ದು ಮುಗೀತು, ಅಮ್ಮ ರಾಣಿಯಾದಳು. ನಮ್ಮ ಮನೆಗಳಲ್ಲೂ ಸಿಟ್ಟು ಬಂದಾಗ ಮಕ್ಕಳಿಗೆ 'ಹೌದಪ್ಪ, ನೀವು ದೊಡ್ಡವರಾಗಿದ್ದೀರಿ' ಅನ್ನಲ್ವಾ, ಅದೇ ತಣ್ಣನೆ ದನಿ. ಶೇಕ್ಸ್‌ಪಿಯರ್ ಎಲ್ಲಾ ಕಡೆ ಇಷ್ಟು ಲೆಕ್ಕ ಹಾಕಿ ಬರೆದಿದ್ದಾನೆ ಅಂತ ಹೇಳಲ್ಲ, ಎಷ್ಟೋ ಕಡೆ ಎರಡೂ ಸುಮ್ಮನೆ ಬೆರೆತಿವೆ, ಆದ್ರೆ ಒಬ್ಬರೇ ಒಬ್ಬರ ಜೊತೆ ಮಾತಾಡುವಾಗ ಮಧ್ಯದಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಿದ್ರೆ ಅಲ್ಲಿ ನಿಂತು ಯಾಕೆ ಅಂತ ಕೇಳ್ಕೊಳ್ಳಿ.

ಬೈಬಲ್‌ಗೆ ಮಾತ್ರ ಈ ಗೌರವದ ಲೆಕ್ಕ ಹಚ್ಚಬೇಡಿ. ಅಲ್ಲಿ ದೌ ಅಂದ್ರೆ ಬರೀ ಏಕವಚನ, ಯೀ ಅಂದ್ರೆ ಬಹುವಚನ, ರಾಜನಿಗೂ ದೌ ಕುರುಬನಿಗೂ ದೌ, ಯಾಕಂದ್ರೆ ಮೂಲ ಹೀಬ್ರೂ ಗ್ರೀಕ್‌ನಲ್ಲಿ ಹಾಗಿದೆ, ಅನುವಾದಕರು ಅದನ್ನ ಕಾಪಾಡಿಕೊಂಡರು.

ಹಿದರ್, ವಿದರ್, ವೆನ್ಸ್ ಇವಕ್ಕೂ ಕನ್ನಡವೇ ಕೀಲಿಕೈ. ಇವತ್ತಿನ ಇಂಗ್ಲಿಷ್‌ನಲ್ಲಿ ಇರೋದಕ್ಕೂ ವೇರ್, ಹೋಗೋದಕ್ಕೂ ವೇರ್. ಹಿಂದೆ ಹಾಗಿರಲಿಲ್ಲ: ಹಿಯರ್, ಹಿದರ್, ಹೆನ್ಸ್ ಅಂದ್ರೆ ಇಲ್ಲಿ, ಇಲ್ಲಿಗೆ, ಇಲ್ಲಿಂದ, ದೇರ್, ದಿದರ್, ದೆನ್ಸ್ ಅಂದ್ರೆ ಅಲ್ಲಿ, ಅಲ್ಲಿಗೆ, ಅಲ್ಲಿಂದ, ವೇರ್, ವಿದರ್, ವೆನ್ಸ್ ಅಂದ್ರೆ ಎಲ್ಲಿ, ಎಲ್ಲಿಗೆ, ಎಲ್ಲಿಂದ. ಒಂಬತ್ತಕ್ಕೆ ಒಂಬತ್ತೂ ಕೂತ್ಕೊಂಡುಬಿಡತ್ತೆ, ಬಾಯಿಪಾಠ ಯಾಕೆ ಬೇಕು? ಬೈಬಲಿನ ರೂತಳ ಕಥೆಯಲ್ಲಿ ಗಂಡ ಸತ್ತ ಸೊಸೆ ಅತ್ತೆಯನ್ನ ಬಿಟ್ಟು ಹೋಗಲ್ಲ ಅಂತ ಹೇಳೋ ಮಾತು "ವಿದರ್ ದೌ ಗೋಯೆಸ್ಟ್, ಐ ವಿಲ್ ಗೋ; ಅಂಡ್ ವೇರ್ ದೌ ಲಾಡ್ಜೆಸ್ಟ್, ಐ ವಿಲ್ ಲಾಡ್ಜ್". ನೀನು ಎಲ್ಲಿಗೆ ಹೋಗ್ತೀಯೋ ಅಲ್ಲಿಗೆ ನಾನೂ ಬರ್ತೀನಿ, ನೀನು ಎಲ್ಲಿ ತಂಗ್ತೀಯೋ ಅಲ್ಲೇ ನಾನೂ ತಂಗ್ತೀನಿ. ಮೊದಲರ್ಧದಲ್ಲಿ ವಿದರ್, ಎರಡನೇ ಅರ್ಧದಲ್ಲಿ ವೇರ್, ಕನ್ನಡದಲ್ಲಿ ಹೇಳ್ಕೊಂಡ್ರೆ ಯಾಕೆ ಬದಲಾಯ್ತು ಅಂತ ತಾನಾಗೇ ಗೊತ್ತಾಗತ್ತೆ.

ವೇರ್‌ಫೋರ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಅದರಲ್ಲಿ ವೇರ್ ಇದ್ದರೂ ಅರ್ಥ ಎಲ್ಲಿ ಅಂತಲ್ಲ, ಯಾಕೆ ಅಂತ. ಜೂಲಿಯೆಟ್ ಮಹಡಿಯಲ್ಲಿ ನಿಂತು "ವೇರ್‌ಫೋರ್ ಆರ್ಟ್ ದೌ ರೋಮಿಯೋ" ಅನ್ನುವಾಗ ಅವನನ್ನ ಹುಡುಕ್ತಾ ಇಲ್ಲ, ಅವನು ಕೆಳಗೇ ಇದ್ದಾನೆ ಅಂತ ಅವಳಿಗೆ ಗೊತ್ತೂ ಇಲ್ಲ, ಇಷ್ಟು ಜನರಿರುವಾಗ ವೈರಿ ಮನೆಯ ರೋಮಿಯೋನೇ ಯಾಕಪ್ಪಾ ಆದೆ ಅಂತ ಸಂಕಟಪಡ್ತಿದ್ದಾಳೆ. ಮುಂದಿನ ಸಾಲಲ್ಲೇ ನಿನ್ನಪ್ಪನನ್ನ ಬಿಡು, ಹೆಸರನ್ನ ಬಿಡು ಅಂತ ಬರತ್ತಲ್ಲ, ಅದು ಪ್ರಶ್ನೆಗೆ ಸರಿಯಾಗಿ ಹೊಂದೋದು ಆಗಲೇ.

ಈಗ ನಾನು ಮೊದಲು ಹೇಳಿದ ಗೊತ್ತಿರೋ ಮುಖದ ಪದಗಳು. ನಿಮ್ಮ ಸಿಲಬಸ್‌ನಲ್ಲೇ ಇರೋ ಗ್ರೇ ಕವಿಯ ಎಲಿಜಿ ತಗೊಳ್ಳಿ, 1751ರಲ್ಲಿ ಬಂದದ್ದು. ಮೊದಲ ಸಾಲು "ದ ಕರ್ಫ್ಯೂ ಟೋಲ್ಸ್ ದ ನೆಲ್ ಆಫ್ ಪಾರ್ಟಿಂಗ್ ಡೇ". ಕರ್ಫ್ಯೂ ಅಂದ ತಕ್ಷಣ ನಮಗೆ ಖಾಲಿ ರಸ್ತೆ, ಬ್ಯಾರಿಕೇಡ್, ಪೊಲೀಸ್ ಜೀಪ್ ಕಣ್ಣಿಗೆ ಬರತ್ತೆ, ಕವಿತೆ ಅಲ್ಲೇ ಕೆಟ್ಟುಹೋಯ್ತು. ಈ ಪದದ ಮೂಲ ಹಳೇ ಫ್ರೆಂಚ್‌ನಲ್ಲಿ 'ಬೆಂಕಿ ಮುಚ್ಚು' ಅಂತ. ಹಿಂದೆ ಯುರೋಪಿನ ಊರುಗಳಲ್ಲಿ ಸಂಜೆ ಹೊತ್ತು ಗಂಟೆ ಹೊಡೀತಿದ್ರು, ಆಗ ಮನೆಮನೆಯಲ್ಲೂ ಒಲೆ ಬೆಂಕಿಯನ್ನ ಬೂದಿ ಮುಚ್ಚಿ ಮಲಗಿಸಬೇಕು, ಬೆಂಕಿ ಅನಾಹುತ ಆಗದಿರಲಿ ಅಂತ. ಆ ಪದ್ಧತಿ ಹೋದ ಮೇಲೂ ಸಂಜೆ ಗಂಟೆಗೆ ಆ ಹೆಸರು ಉಳೀತು. ನೆಲ್ ಅಂದ್ರೆ ಸಾವಿನ ಗಂಟೆ. ಅಂದ್ರೆ ಸಂಜೆ ಗಂಟೆ ಹೋಗ್ತಿರೋ ಹಗಲಿಗೆ ಸಾವಿನ ಗಂಟೆಯ ಹಾಗೆ ಕೇಳ್ತಿದೆ, ಇಡೀ ಕವಿತೆ ಸ್ಮಶಾನದ ಬಗ್ಗೆ ಅನ್ನೋದನ್ನ ಮೊದಲ ಸಾಲೇ ಹೇಳಿಬಿಡ್ತು. ಆಮೇಲೆ ಹುಲ್ಲುಗಾವಲಿನ ಮೇಲೆ ದನಗಳು ಅಂಬಾ ಅಂತಾ ನಿಧಾನಕ್ಕೆ ಮನೆ ಕಡೆ ಹೋಗ್ತವೆ, ಹುಲ್ಲುಗಾವಲಿಗೆ ಅಲ್ಲಿರೋ ಪದ 'ಲೀ', ಅದು ನಿಮಗೆ ಗೊತ್ತಿಲ್ಲ, ಹಾಗಾಗಿ ನೋಡ್ತೀರಿ, ತೊಂದರೆ ಇಲ್ಲ.

ಅದೇ ಕವಿತೆಯಲ್ಲಿ ಮುಂದೆ "ದ ರೂಡ್ ಫೋರ್‌ಫಾದರ್ಸ್ ಆಫ್ ದ ಹ್ಯಾಮ್ಲೆಟ್ ಸ್ಲೀಪ್" ಅಂತ ಬರತ್ತೆ. ಇಲ್ಲಿ ಹ್ಯಾಮ್ಲೆಟ್ ರಾಜಕುಮಾರ ಅಲ್ಲ, ಸಣ್ಣ ಹಳ್ಳಿ. ರೂಡ್ ಅಂದ್ರೆ ಒರಟು ನಡತೆಯವರು ಅಲ್ಲ, ಓದುಬರಹ ಇಲ್ಲದ ಹಳ್ಳಿಯ ಸರಳ ಜನ. ಕವಿ ಅವರನ್ನ ಬೈತಿದ್ದಾನೆ ಅಂದ್ಕೊಂಡು ಉತ್ತರ ಬರೆದ್ರೆ ಕವಿತೆಯ ಜೀವವೇ ಹೋಯ್ತು, ಯಾಕಂದ್ರೆ ಆ ಕವಿತೆ ಇರೋದೇ ಅವರ ಪರವಾಗಿ ಮಾತಾಡೋಕೆ.

'ಲೆಟ್' ನೋಡಿ. ಹ್ಯಾಮ್ಲೆಟ್ ಅಪ್ಪನ ಪ್ರೇತದ ಹಿಂದೆ ಹೊರಟಾಗ ಗೆಳೆಯರು ಹಿಡ್ಕೋತಾರೆ, ಅವನು "ಐಲ್ ಮೇಕ್ ಎ ಗೋಸ್ಟ್ ಆಫ್ ಹಿಮ್ ದಟ್ ಲೆಟ್ಸ್ ಮೀ" ಅಂತಾನೆ. ಬಿಡೋರನ್ನ ಯಾಕೆ ಕೊಲ್ತಾನೆ? ಈ ಲೆಟ್ ಅಂದ್ರೆ ಬಿಡು ಅಲ್ಲ, ತಡೆ. ಓಲ್ಡ್ ಇಂಗ್ಲಿಷ್‌ನಲ್ಲಿ ಎರಡು ಬೇರೆ ಬೇರೆ ಕ್ರಿಯಾಪದ ಇದ್ವು, ಒಂದಕ್ಕೆ ಬಿಡೋದು ಅಂತ ಅರ್ಥ ಇನ್ನೊಂದಕ್ಕೆ ಅಡ್ಡಿ ಮಾಡೋದು ಅಂತ, ಉಚ್ಚಾರ ಸವೆದು ಸವೆದು ಎರಡೂ ಒಂದೇ ಥರ ಆದ್ವು, ತಡೆಯೋ ಲೆಟ್ ಬಳಕೆ ತಪ್ಪಿಹೋಯ್ತು. ಪೂರ್ತಿ ಹೋಗಿಲ್ಲ, ನಿಮ್ಮ ಹತ್ರ ಪಾಸ್‌ಪೋರ್ಟ್ ಇದ್ರೆ ತೆಗೆದು ನೋಡಿ, ರಾಷ್ಟ್ರಪತಿಗಳ ಹೆಸರಲ್ಲಿ ಇರೋ ಕೋರಿಕೆಯಲ್ಲಿ "ವಿದೌಟ್ ಲೆಟ್ ಆರ್ ಹಿಂಡ್ರನ್ಸ್" ಅಂತ ಇದೆ, ಅಡ್ಡಿ ಆತಂಕ ಇಲ್ಲದೆ ಅಂತ. ಟೆನಿಸ್‌ನಲ್ಲಿ ಸರ್ವ್ ಮಾಡಿದ ಬಾಲ್ ನೆಟ್‌ಗೆ ತಾಗಿ ಬಿದ್ದರೆ ಲೆಟ್ ಅನ್ನೋದೂ ಇದೇ ಪದ.

ಬೈಬಲ್‌ನಲ್ಲಿ ಏಸು "ಸಫರ್ ದ ಲಿಟ್ಲ್ ಚಿಲ್ಡ್ರನ್" ಅನ್ನುವಾಗ ಮಕ್ಕಳು ಕಷ್ಟಪಡಲಿ ಅಂತಲ್ಲ, ಬರೋಕೆ ಬಿಡಿ ಅಂತ. ಕೀರ್ತನೆಯ "ಐ ಶಲ್ ನಾಟ್ ವಾಂಟ್" ಅಂದ್ರೆ ನನಗೆ ಬೇಡ ಅಂತಲ್ಲ, ನನಗೆ ಕೊರತೆ ಆಗಲ್ಲ ಅಂತ. ಕ್ವಿಕ್ ಅಂದ್ರೆ ಜೀವ ಇರೋದು, ಅದಕ್ಕೇ ಹರಿದಾಡೋ ಪಾದರಸ ಕ್ವಿಕ್‌ಸಿಲ್ವರ್.

ಕಾಲಕ್ಕೆ ಸಂಬಂಧಪಟ್ಟ ಪದಗಳ ಕಥೆ ನನಗೆ ಬಹಳ ಇಷ್ಟ. ಶೇಕ್ಸ್‌ಪಿಯರ್‌ನಲ್ಲಿ ಪ್ರೆಸೆಂಟ್ಲಿ ಅಂದ್ರೆ ಸಾಮಾನ್ಯವಾಗಿ ಈಗಿಂದೀಗಲೇ, ಆಮೇಲೆ ಅದು 'ಸ್ವಲ್ಪ ಹೊತ್ತಲ್ಲಿ' ಆಯ್ತು. ಸೂನ್ ಕೂಡ ಮೊದಲು ತಕ್ಷಣ ಅಂತಲೇ ಇತ್ತು. ಅನಾನ್ ಸಹ ಹಾಗೇ. ಶೇಕ್ಸ್‌ಪಿಯರ್‌ನ ಹೆನ್ರಿ ದ ಫೋರ್ತ್ ನಾಟಕದ ಮೊದಲ ಭಾಗದಲ್ಲಿ ಫ್ರಾನ್ಸಿಸ್ ಅನ್ನೋ ಹೆಂಡದಂಗಡಿ ಹುಡುಗ ಇದ್ದಾನೆ, ರಾಜಕುಮಾರ ಅವನನ್ನ ಇಲ್ಲಿ ಮಾತಿಗೆ ಹಿಡ್ಕೊಂಡಿರ್ತಾನೆ, ಒಳಗಿಂದ ಗೆಳೆಯ ಕೂಗ್ತಾನೆ, ಹುಡುಗ ನಿಂತಲ್ಲೇ "ಅನಾನ್, ಅನಾನ್, ಸರ್" ಅಂತಿರ್ತಾನೆ. ನಮ್ಮ ಹೋಟೆಲ್ ಮಾಣಿಗಳು ಇನ್ನೊಂದು ಟೇಬಲ್ ಹತ್ರ ನಿಂತ್ಕೊಂಡೇ 'ಬಂದೆ ಸಾರ್, ಬಂದೆ' ಅನ್ನೋದು ನೆನಪಾಗತ್ತೆ, ಬಂದೇ ಆಯ್ತು ಅನ್ನೋ ರೂಪ, ಆದ್ರೆ ಇನ್ನೂ ಬಂದಿಲ್ಲ. ಈಗಲೇ ಅಂತ ಹೇಳಿ ತಡ ಮಾಡೋ ಮನುಷ್ಯಸ್ವಭಾವದಿಂದಲೇ ಇಂಥ ಪದಗಳೆಲ್ಲ ನಿಧಾನ ಆಗಿದ್ದು.

ಗುಣ ಹೇಳೋ ಪದಗಳೂ ಹೀಗೇ ಜಾರಿವೆ. ಸಿಲ್ಲಿ ಅನ್ನೋದು ಶುರುವಾಗಿದ್ದು ಧನ್ಯ ಅನ್ನೋ ಅರ್ಥದಿಂದ, ಅಲ್ಲಿಂದ ಮುಗ್ಧ, ಆಮೇಲೆ ಪಾಪದವನು, ಕೊನೆಗೆ ದಡ್ಡ. ಕ್ರಿಸ್ತ ಹುಟ್ಟಿದ ಬೆಳಗ್ಗೆ ಬಗ್ಗೆ ಮಿಲ್ಟನ್ 1629ರಲ್ಲಿ ಬರೆದ ಕವಿತೆಯಲ್ಲಿ ಕುರುಬರ ಮನಸ್ಸಿಗೆ ಸಿಲ್ಲಿ ಅಂತಾನೆ, ಅದು ಬೈಗುಳ ಅಲ್ಲ. ನಮ್ಮಲ್ಲಿ 'ಮುಗ್ಧ' ಪದ ಎದುರು ದಿಕ್ಕಲ್ಲಿ ನಡೆದಿದೆ, ಸಂಸ್ಕೃತದಲ್ಲಿ ಮೊದಲು ದಿಕ್ಕೆಟ್ಟವನು, ಮೂಢ ಅಂತ ಅರ್ಥ ಇದ್ದದ್ದು ಈಗ ಕನ್ನಡದಲ್ಲಿ ಒಳ್ಳೇ ಗುಣ. ನೈಸ್ ಶುರುವಾಗಿದ್ದು ಏನೂ ತಿಳಿಯದವನು ಅನ್ನೋ ಲ್ಯಾಟಿನ್ ಪದದಿಂದ, ಆಮೇಲೆ ಅತಿಸೂಕ್ಷ್ಮ, ಆಮೇಲೆ ಚೆನ್ನಾಗಿರೋದು. ಜೇನ್ ಆಸ್ಟಿನ್‌ನ ನಾರ್ತಾಂಗರ್ ಅಬ್ಬಿಯಲ್ಲಿ ಹೆನ್ರಿ ಟಿಲ್ನಿ ನಾಯಕಿಯನ್ನ ಈ ಪದ ಇಟ್ಕೊಂಡೇ ಕೆಣಕ್ತಾನೆ, ಪುಸ್ತಕವೂ ನೈಸ್, ದಿನವೂ ನೈಸ್, ಎಲ್ಲಕ್ಕೂ ಅದೇ ಅಂತ. ಇನ್ನು ಫಾಂಡ್. ಲಿಯರ್ ರಾಜ ಹುಚ್ಚು ಇಳಿದು ಎಚ್ಚರವಾದ ಮೇಲೆ ಮಗಳ ಮುಂದೆ "ಐ ಆಮ್ ಎ ವೆರಿ ಫೂಲಿಶ್ ಫಾಂಡ್ ಓಲ್ಡ್ ಮ್ಯಾನ್" ಅಂತಾನಲ್ಲ, ಅಲ್ಲಿ ಫಾಂಡ್ ಅಂದ್ರೆ ಅರಳುಮರಳು, ಆದ್ರೆ ಪ್ರೀತಿಯ ಅರ್ಥವೂ ಆಗಲೇ ಬಂದಿತ್ತು, ಆ ಜಾಗದಲ್ಲಿ ನನಗೆ ಎರಡೂ ಕೇಳತ್ತೆ, ಒಂದನ್ನೇ ಆರಿಸಬೇಡಿ.

ನಿಮ್ಮ ಎರಡನೇ ಪ್ರಶ್ನೆ, ಹಳೇದಾದ ಪದಗಳನ್ನ ಕವಿಗಳು ಬೇಕಂತಲೇ ಯಾಕೆ ತರ್ತಾರೆ. ಇದು ಇಂಗ್ಲಿಷ್ ಕಾವ್ಯದ ಒಳಗೇ ನಡೆದ ದೊಡ್ಡ ಜಗಳ. ಸ್ಪೆನ್ಸರ್ 1590ರಲ್ಲಿ ಫೇರಿ ಕ್ವೀನ್ ತಂದಾಗ ಅದರ ಭಾಷೆ ಅವನ ಕಾಲಕ್ಕೇ ಹಳೇದು, ಪ್ರಾಚೀನರ ಹಾಗೆ ಬರೆಯೋಕೆ ಹೋಗಿ ಅವನು ಯಾವ ಭಾಷೆಯನ್ನೂ ಬರೀಲಿಲ್ಲ ಅಂತ ನಾಟಕಕಾರ ಬೆನ್ ಜಾನ್ಸನ್ ಆಕ್ಷೇಪಿಸಿದ. ಗ್ರೇ 1742ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಕಾಲದ ಆಡುಭಾಷೆ ಯಾವತ್ತೂ ಕಾವ್ಯದ ಭಾಷೆ ಆಗಲ್ಲ ಅಂದ. ವರ್ಡ್ಸ್‌ವರ್ತ್ 1800ರಲ್ಲಿ ತಾನೂ ಕೋಲ್‌ರಿಜ್‌ನೂ ಸೇರಿ ತಂದ ಲಿರಿಕಲ್ ಬ್ಯಾಲಡ್ಸ್ ಕವನಸಂಕಲನಕ್ಕೆ ಬರೆದ ಮುನ್ನುಡಿಯಲ್ಲಿ ಗ್ರೇ ಹೆಸರು ಹಿಡಿದೇ ವಿರೋಧಿಸಿ ಜನ ನಿಜವಾಗಿ ಆಡೋ ಭಾಷೆಯೇ ಬೇಕು ಅಂದ. ಆದ್ರೆ ಅದೇ ಪುಸ್ತಕದ 1798ರ ಮೊದಲ ಮುದ್ರಣದಲ್ಲಿ ಕೋಲ್‌ರಿಜ್‌ನ ಮುದಿ ನಾವಿಕನ ಕವಿತೆ ಹಳೇ ಸ್ಪೆಲ್ಲಿಂಗ್, ಹಳೇ ಪದ ತುಂಬ್ಕೊಂಡು ಇತ್ತು, 1800ರ ಮುದ್ರಣಕ್ಕೆ ಬಹಳಷ್ಟನ್ನ ತೆಗೆದ. ಇವತ್ತು ನಾವು ಓದೋ ರೂಪದಲ್ಲಿರೋ ಹಳೇ ಪದಗಳಲ್ಲಿ 'ಎಫ್ಟ್‌ಸೂನ್ಸ್' ಒಂದು, ಕೂಡಲೇ ಅಂತ ಅರ್ಥ, ಹಿಡಿದ ಕೈಯನ್ನ ನಾವಿಕ ಥಟ್ಟನೆ ಬಿಡೋ ಸಾಲಲ್ಲಿ ಬರತ್ತೆ.

ನನ್ನ ಅಭಿಪ್ರಾಯದಲ್ಲಿ ಒಳ್ಳೇ ಕವಿ ಹಳೇ ಪದ ತರೋದು ಹಳೇ ವಾಸನೆಗಲ್ಲ, ಆ ಪದದೊಳಗೆ ಹಿಂದಿನ ಕವಿತೆಗಳು ಇರ್ತವೆ ಅಂತ. ನೀವೇ ಕೇಳಿದ ಡಾರ್ಕ್ಲಿಂಗ್ ಇದಕ್ಕೆ ಒಳ್ಳೇ ಉದಾಹರಣೆ. ಅದರ ಕೊನೆಯಲ್ಲಿರೋದು ಕ್ರಿಯಾಪದದ 'ಇಂಗ್' ಅಲ್ಲ, 'ಲಿಂಗ್' ಅನ್ನೋ ಹಳೇ ಪ್ರತ್ಯಯ, ಒಟ್ಟು ಅರ್ಥ ಕತ್ತಲಲ್ಲಿದ್ದುಕೊಂಡು. ಲಿಯರ್ ನಾಟಕದ ವಿದೂಷಕ ದೀಪ ಆರಿತು, ನಾವು ಡಾರ್ಕ್ಲಿಂಗ್ ಉಳಿದ್ವಿ ಅಂತಾನೆ. 1667ರ ಪ್ಯಾರಡೈಸ್ ಲಾಸ್ಟ್ ಮೂರನೇ ಭಾಗದಲ್ಲಿ ಮಿಲ್ಟನ್ ರಾತ್ರಿ ಹಕ್ಕಿ 'ಸಿಂಗ್ಸ್ ಡಾರ್ಕ್ಲಿಂಗ್' ಅಂತಾನೆ, ಬರೆದವನು ಅಷ್ಟು ಹೊತ್ತಿಗೆ ಪೂರ್ತಿ ಕುರುಡ, ಬೆಳಕನ್ನ ಕರೆಯೋ ಭಾಗ ಅದು, ಕತ್ತಲಲ್ಲಿ ಹಾಡೋ ಹಕ್ಕಿ ಅವನೇ. 1819ರಲ್ಲಿ ಕೀಟ್ಸ್ ನೈಟಿಂಗೇಲ್ ಕವಿತೆಯಲ್ಲಿ "ಡಾರ್ಕ್ಲಿಂಗ್ ಐ ಲಿಸನ್" ಅಂದ, ಈಗ ಕತ್ತಲಲ್ಲಿರೋದು ಕೇಳುಗ, ಸಾವನ್ನ ಅರ್ಧ ಪ್ರೀತಿಸ್ತಾ ನಿಂತಿದ್ದಾನೆ. 1867ರಲ್ಲಿ ಬಂದ ಡೋವರ್ ಬೀಚ್ ಕವಿತೆಯಲ್ಲಿ ಆರ್ನಲ್ಡ್‌ಗೆ ಹಕ್ಕಿಯೂ ಇಲ್ಲ ಹಾಡೂ ಇಲ್ಲ, ಇಡೀ ಬಯಲೇ ಡಾರ್ಕ್ಲಿಂಗ್, ಅಲ್ಲಿ ಸೈನ್ಯಗಳು ರಾತ್ರಿ ಯಾರು ಯಾರು ಅಂತ ತಿಳೀದೆ ಹೊಡೆದಾಡ್ತವೆ. ಕೊನೆಗೆ ಹಾರ್ಡಿ. 1900ರ ಡಿಸೆಂಬರ್ ಕೊನೆಯಲ್ಲಿ ಪತ್ರಿಕೆಯಲ್ಲಿ ಬಂದಾಗ ಅವನ ಕವಿತೆಯ ಹೆಸರು ಶತಮಾನದ ಮರಣಶಯ್ಯೆಯ ಪಕ್ಕ ಅನ್ನೋ ಥರದ್ದು, ಆಮೇಲೆ ಅದನ್ನ 'ದ ಡಾರ್ಕ್ಲಿಂಗ್ ಥ್ರಶ್' ಮಾಡಿದ. ಕವಿತೆಯ ಒಳಗೆ ಹುಡುಕಿ ನೋಡಿ, ಡಾರ್ಕ್ಲಿಂಗ್ ಒಂದು ಸಲವೂ ಇಲ್ಲ, ಹೆಸರಿನಲ್ಲಿ ಮಾತ್ರ. ಆ ಒಂದು ಪದ ಹಾಕಿದ್ದಕ್ಕೆ ಚಳಿಗಾಲದ ಬೋಳು ಕೊಂಬೆ ಮೇಲೆ ಕೂತ ಮುದಿ, ಸಣಕಲು ಹಕ್ಕಿಯ ಹಿಂದೆ ಮಿಲ್ಟನ್ ಹಕ್ಕಿ, ಕೀಟ್ಸ್ ಹಕ್ಕಿ ಎರಡೂ ಬಂದು ಕೂತ್ವು. ಕುವೆಂಪು, ಬೇಂದ್ರೆ ಹಳಗನ್ನಡದ ಪದ ಎತ್ತಿಕೊಂಡಾಗ ನಮಗಾಗೋ ಅನುಭವ ಇದೇ.

ಹಾಗಾದ್ರೆ ನೀವು ಬಳಸಬಹುದಾ? ಪ್ರಬಂಧದಲ್ಲಿ ಬೇಡ. ವೆನ್ಸ್, ಆಲ್ಬೀಟ್ ಥರದವು ಇವತ್ತಿಗೂ ನಡೆಯತ್ತೆ, ಅಷ್ಟು ಸಾಕು. ಕಥೆ ಕವಿತೆ ಬರೆಯೋದಾದ್ರೆ ವ್ಯಾಕರಣ ಕಲಿತು ಬಳಸಿ: ದೌ ಜೊತೆ ಕ್ರಿಯಾಪದದ ಕೊನೆಗೆ 'ಎಸ್ಟ್', ಹೀ ಅಥವಾ ಶೀ ಜೊತೆ 'ಎತ್'. 'ಐ ಗೋಯೆತ್' ಅಂತ ಬರೆದ್ರೆ 'ನಾನು ಹೋಗುತ್ತಾನೆ' ಅಂದ ಹಾಗಾಗತ್ತೆ. ಈ 'ಎತ್' ಇನ್ನೂ ಬದುಕಿರೋ ಜಾಗ ಸಬ್‌ರಿಜಿಸ್ಟ್ರಾರ್ ಆಫೀಸು, ಇಂಗ್ಲಿಷ್ ಕ್ರಯಪತ್ರದಲ್ಲಿ 'ವಿಟ್ನೆಸೆತ್' ಅಂತ ನೋಡಿರ್ತೀರಿ, ಈ ಪತ್ರ ಸಾಕ್ಷಿ ಹೇಳುತ್ತದೆ ಅಂತ. 'ಫ್ರಮ್ ವೆನ್ಸ್' ತಪ್ಪು, ವೆನ್ಸ್‌ನಲ್ಲೇ ಫ್ರಮ್ ಇದೆ ಅಂತ ಕೆಲವು ಮೇಷ್ಟ್ರು ಕೆಂಪು ಗೀಟು ಹಾಕ್ತಾರೆ, ಕಿಂಗ್ ಜೇಮ್ಸ್ ಬೈಬಲ್‌ನ 121ನೇ ಕೀರ್ತನೆಯಲ್ಲೇ ಫ್ರಮ್ ವೆನ್ಸ್ ಇದೆ, ಹೆದರಬೇಡಿ.

ಡಿಕ್ಷನರಿ ವಿಷಯಕ್ಕೆ, ಮೊಬೈಲ್‌ನ ಸಾಮಾನ್ಯ ಡಿಕ್ಷನರಿ ಈ ಕೆಲಸಕ್ಕೆ ಸಾಲದು, ಅದು ಇವತ್ತಿನ ಅರ್ಥ ಮೊದಲು ಕೊಡತ್ತೆ, ನೀವು ಅದನ್ನೇ ನಂಬ್ತೀರಿ. ಕಾಲೇಜ್ ಲೈಬ್ರರಿಯಲ್ಲಿ ಆಕ್ಸ್‌ಫರ್ಡ್ ದೊಡ್ಡ ನಿಘಂಟು ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೇದು, 1884ರಿಂದ 1928ರವರೆಗೆ ಕಂತು ಕಂತಾಗಿ ಬಂದದ್ದು, ಒಂದೊಂದು ಅರ್ಥಕ್ಕೂ ಯಾವ ವರ್ಷ ಯಾರು ಬರೆದರು ಅಂತ ಸಾಲು ಸಮೇತ ಕೊಡತ್ತೆ. ಶೇಕ್ಸ್‌ಪಿಯರ್‌ಗೆ ಮಾತ್ರ ಅಂದ್ರೆ ಆನಿಯನ್ಸ್ ಅನ್ನೋ ವಿದ್ವಾಂಸ ಮಾಡಿದ 1911ರ ಗ್ಲಾಸರಿ ಚಿಕ್ಕದು, ಕೈಗೆ ಹಗುರ. ಗ್ರೇ ಥರ 18ನೇ ಶತಮಾನದವರಿಗೆ 1755ರ ಸ್ಯಾಮ್ಯುಯೆಲ್ ಜಾನ್ಸನ್ ಡಿಕ್ಷನರಿ ನೋಡಿ, ಈಗ ಆನ್‌ಲೈನ್‌ನಲ್ಲಿ ಫ್ರೀ ಸಿಗತ್ತೆ, ಆ ಕಾಲದವರೇ ಆ ಪದಕ್ಕೆ ಏನು ಅರ್ಥ ಹೇಳ್ತಿದ್ರು ಅಂತ ನೇರ ಗೊತ್ತಾಗತ್ತೆ. ಶುರು ಮಾಡೋದಕ್ಕೆ ಎಲಿಜಿಯೇ ಸರಿ, 128 ಸಾಲು, ಗೊತ್ತಿರೋ ಪದಗಳಿಗೆ ಪೆನ್ಸಿಲ್ ಗುರುತು ಹಾಕ್ತಾ ಹೋಗಿ, ಗೊತ್ತಿಲ್ಲದವುಗಳಿಗಲ್ಲ.

ಕೊನೆಗೆ ಬೋರ್ಡ್ ಪ್ರಶ್ನೆ. 'ಯೀ ಓಲ್ಡ್' ಅನ್ನೋದು ಯಾವ ಕಾಲದಲ್ಲೂ ಯೀ ಆಗಿರಲಿಲ್ಲ. ಹಳೇ ಇಂಗ್ಲಿಷ್ ಲಿಪಿಯಲ್ಲಿ 'ದ' ಸದ್ದಿಗೆ ಥಾರ್ನ್ ಅಂತ ಒಂದು ಪ್ರತ್ಯೇಕ ಅಕ್ಷರ ಇತ್ತು, ಕೈಬರಹದಲ್ಲಿ ಅದು ಬರ್ತಾ ಬರ್ತಾ ವೈ ಅಕ್ಷರದ ಹಾಗೇ ಆಗಿಹೋಗಿತ್ತು, ಮುದ್ರಣ ಬಂದಾಗ ಯುರೋಪಿನಿಂದ ತಂದ ಅಚ್ಚುಮೊಳೆಗಳಲ್ಲಿ ಥಾರ್ನ್ ಇರಲಿಲ್ಲ, ಅದರ ಜಾಗಕ್ಕೆ ವೈ ಹಾಕಿದರು. ಬರೆದದ್ದು ವೈ, ಓದ್ತಿದ್ದದ್ದು 'ದ' ಅಂತಲೇ. ಅದನ್ನ 'ಹಿಯರ್ ಯೀ' ಅನ್ನೋದರಲ್ಲಿರೋ ಯೀ ಜೊತೆ ಕಲಸಬೇಡಿ, ಅದು ನಿಜವಾದ ಯೀ, ನೀವೆಲ್ಲ ಅಂತ ಅರ್ಥ. ಬೋರ್ಡ್ ನೋಡಿದಾಗ 'ದಿ ಓಲ್ಡ್' ಅಂತ ಓದಿ.